ಅಕ್ಕನ ಚಪ್ಪಲಿ ಕೇಳಿದವರಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಾಲೀಮು ಕೋಣೆಯ ಮುಚ್ಚಿದ ಬಾಗಿಲ ಹಿಂದೆ ಮೂವರು ಗಂಡಸರು ಜಗಳವಾಡುತ್ತಿದ್ದಾರೆ. ಒಬ್ಬರದು ಗಡುಸು ಗಂಟಲು. ಇನ್ನೊಬ್ಬರದು ತಡೆಯಿಲ್ಲದೆ ಓಡುವ ಮಾತು. ಮೂರನೆಯವರು ಬೇಕೋ ಬೇಡವೋ ಎಂಬಂತೆ ಒಂದೊಂದೇ ಪದ ಉದುರಿಸುತ್ತಿದ್ದಾರೆ. ಜಗಳ ಯಾವುದೋ ಕಳೆದುಹೋದ ಕೊಡೆಯದು. ಮಧ್ಯೆ ತಲೆ ಹಾಕುವುದು ಬೇಡವೆಂದು ನಾನು ಮೆಟ್ಟಿಲ ಮೇಲೆ ಕೂತು ಕಾಯುತ್ತೇನೆ. ಮುಗಿಯುವ ಲಕ್ಷಣ ಕಾಣದೆ ಕೊನೆಗೆ ಬಾಗಿಲು ತಳ್ಳಿದರೆ, ಒಳಗಿರುವ ಗಂಡಸು ಒಬ್ಬರೇ. ಅವರೂ ಬಾಯಿ ಮುಚ್ಚಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಾರೆ. ಎದುರಿನ ಉದ್ದನೆಯ ಬೆಂಚಿನ ನಡುವೆ ಬೂದು ಬಣ್ಣದ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ಕೂತಿದ್ದಾರೆ. ಅವರ ಕಾಲಲ್ಲಿ ಗಂಡಸರ ದೊಡ್ಡ ಬೂಟುಗಳು.

“ಬನ್ನಿ, ಕೂತ್ಕೊಳ್ಳಿ,” ಎನ್ನುತ್ತಾ ಅವರು ಜರುಗಿ ಜಾಗ ಕೊಡುತ್ತಾರೆ. ಬೆಂಚಿನ ಮೇಲೆ ಒಂದು ಸಂಸಾರ ಕೂರುವಷ್ಟು ಜಾಗ ಮೊದಲೇ ಖಾಲಿ ಇದೆ.

“ಉಳಿದವರು ಎಲ್ಲಿ ಹೋದ್ರು?” ಎಂದು ನಾನು ಕೇಳುತ್ತೇನೆ. ಇಷ್ಟು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನು ಕೇಳಬಾರದ ಪ್ರಶ್ನೆ. ಪೆನ್ಸಿಲಿನವರು ಮುಖ ತಿರುಗಿಸಿ ನಗುತ್ತಾರೆ.

ಪೆನ್ಸಿಲಿನವರು ಟಿವಿಯ ವಾರಾಂತ್ಯದ ಹಾಸ್ಯ ಕಾರ್ಯಕ್ರಮಕ್ಕೆ ಸ್ಕಿಟ್ ಬರೆಯುವವರು. ಆ ಕಾರ್ಯಕ್ರಮದ ಮೂವರು ಹಾಸ್ಯಗಾರರನ್ನು ನೀವೆಲ್ಲ ಬಲ್ಲಿರಿ. ಗಡುಸು ಗಂಟಲಿನ ಹಿರಿಯರನ್ನು ತಂಡದವರು ಗುಡುಗು ಎನ್ನುತ್ತಾರೆ. ಉಸಿರು ಬಿಡದೆ ಮಾತಾಡುವವರು ರೈಲು. ಮುಖದಲ್ಲಿ ಒಂದು ಗೆರೆಯೂ ಅಲುಗದ ಉದ್ದನೆಯ ಯುವಕ ಸಪ್ಪೆ. ಸ್ವೆಟರಿನ ಹೆಂಗಸನ್ನು ನೀವು ನೋಡಿರುತ್ತೀರಿ, ಆದರೆ ನೆನಪಿರಲಿಕ್ಕಿಲ್ಲ. ಸ್ಕಿಟ್‌ನಲ್ಲಿ ಗಂಟೆ ಬಾರಿಸಿದಾಗ ಬಾಗಿಲು ತೆಗೆಯುವವರು ಅವರೇ. ನರ್ಸ್ ಬೇಕಾದರೆ ನರ್ಸ್, ಪಕ್ಕದ ಮನೆಯವರು ಬೇಕಾದರೆ ಪಕ್ಕದ ಮನೆಯವರು. ತಂಡಕ್ಕೆಲ್ಲ ಅವರು ಅಕ್ಕ, ಅವರಿಗಿಂತ ಹಿರಿಯರಾದ ಗುಡುಗು ಅವರಿಗೂ ಅಕ್ಕ.

ಅವರ ನಿಜವಾದ ದುಡಿಮೆ ಯಾವ ಕ್ಯಾಮೆರಾಕ್ಕೂ ಕಾಣದ ಈ ಮುಂಜಾನೆಯದು. ಬರೆದ ಸ್ಕಿಟ್ ಒಬ್ಬೊಬ್ಬರ ಬಾಯಲ್ಲಿ ಹೇಗೆ ಕೇಳುತ್ತದೆ ಎಂದು ತಿಳಿಯಲು ಅಕ್ಕ ಎಲ್ಲರ ಪಾಲನ್ನೂ ಅವರವರಂತೆಯೇ ಆಡಿ ತೋರಿಸುತ್ತಾರೆ. ಮಾತು ಎಲ್ಲಿ ಎಡವುತ್ತದೋ ಅಲ್ಲಿ ಪೆನ್ಸಿಲ್ ಓಡುತ್ತದೆ. ತಂಡದವರು ಬಿಸಿಲೇರಿದ ಮೇಲೆ ಬಂದು, “ಎಷ್ಟು ಸಲೀಸಾಗಿ ಬರ್ದಿದ್ದೀರಪ್ಪ,” ಎಂದು ಬರೆದವರ ಬೆನ್ನು ತಟ್ಟುತ್ತಾರೆ.

“ಒಂದ್ಸಲ ಗುಡುಗು ಅವರು ಬೇಗ ಬಂದ್ಬಿಟ್ರು,” ಎಂದು ಬರಹಗಾರರು ನೆನೆಯುತ್ತಾರೆ. “ಅಕ್ಕ ಆಗ ಅವರದೇ ಅಣಕು ಮಾಡ್ತಿದ್ರು. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, ‘ನಾನೆಲ್ಲಿ ಹೀಗೆ ಮಾತಾಡ್ತೀನಿ?’ ಅಂದ್ರು. ಅದನ್ನೂ ಅಕ್ಕ ಆಡಿದ ಹಾಗೇ ಅಂದ್ರು.”

ಅಕ್ಕನ ಪ್ರಕಾರ ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. “ಬಾಣಲೆಗೆ ಹಿಡಿ ಇರತ್ತಲ್ಲ, ಹಾಗೆ ಪ್ರತಿಯೊಬ್ಬರಿಗೂ ಒಂದು ಹಿಡಿ ಇರತ್ತೆ. ಗುಡುಗು ಅವರು ಜೋಕ್ ಹೇಳೋ ಮುಂಚೆ ಸೀನು ಬಂದವರ ಥರ ಉಸಿರು ತಗೋತಾರೆ. ರೈಲು ವಾಕ್ಯದ ಕೊನೇ ಮಾತು ನುಂಗ್ತಾನೆ. ಸಪ್ಪೆ ಮಾತಾಡೋಕೆ ಮುಂಚೆ ಅಂಗೈ ನೋಡ್ಕೋತಾನೆ. ಅದು ಸಿಕ್ಕಿದ್ರೆ ಧ್ವನಿ ತಾನಾಗೇ ಹಿಂದೆ ಬರತ್ತೆ.” ಉಸಿರಿನ ಮಾತನ್ನು ಅವರು ಗುಡುಗು ಆಗಿ, ನುಂಗುವ ಮಾತನ್ನು ರೈಲು ಆಗಿ ಹೇಳಿದರು. ಹೀಗಾಗಿ ಇಲ್ಲಿ ಉದ್ಧರಣ ಚಿಹ್ನೆಯ ಒಳಗಿರುವುದು ಯಾರ ಮಾತೆಂದು ಓದುಗರು ನನ್ನನ್ನು ಕೇಳಬಾರದು. ಮನೆಗೆ ಹೋಗಿ ರೆಕಾರ್ಡಿಂಗ್ ಕೇಳಿದಾಗ ನನ್ನ ತಲೆ ಇನ್ನಷ್ಟು ಕೆಟ್ಟಿತು. ಅದರಲ್ಲಿ ಒಂದು ಪ್ರಶ್ನೆಯನ್ನು ನಾನು ಎರಡು ಸಲ ಕೇಳಿದ್ದೇನೆ. ಎರಡನೆಯ ಸಲ ಕೇಳಿದವನು ನಾನಲ್ಲ.

ಅಕ್ಕನ ಮೊದಲ ಕೆಲಸ ಒಂದು ಆಸ್ಪತ್ರೆಯಲ್ಲಿ, ಮೈಕಿನಲ್ಲಿ ಹೆಸರು ಕೂಗುವುದು. ಕೆಲಸ ಹೋಗಿದ್ದೂ ಮೈಕಿನಿಂದಲೇ. “ದೊಡ್ಡ ಡಾಕ್ಟರ್ ಧ್ವನಿಯಲ್ಲಿ ‘ಒಂದು ಟೀ ತನ್ನಿ’ ಅಂದೆ. ಪಕ್ಕದವಳನ್ನ ನಗಿಸೋಕೆ. ಮೈಕ್ ಆನ್ ಇದ್ದಿದ್ದು ಗೊತ್ತಿರಲಿಲ್ಲ. ಪ್ರತಿ ವಾರ್ಡಿನಿಂದ ಒಬ್ಬೊಬ್ಬರು ಟೀ ಹಿಡ್ಕೊಂಡು ಓಡಿ ಬಂದ್ರು. ಡಾಕ್ಟರೂ ಬಂದ್ರು, ‘ನಾನು ಯಾವಾಗ ಕೇಳ್ದೆ?’ ಅಂತ.” ಮದುವೆಯಾಗಿ, ಮಗಳಿನ್ನೂ ತೊಟ್ಟಿಲಲ್ಲಿದ್ದ ಹೊತ್ತು ಅದು. ಆಮೇಲೆ ಮನೆ ಮನೆ ಅಲೆದು ಸೋಪು ಮಾರಿದ್ದಾರೆ, ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದ್ದಾರೆ. ಈ ತಂಡಕ್ಕೂ ಅವರು ಬಂದಿದ್ದು ಬಟ್ಟೆ ಇಸ್ತ್ರಿ ಮಾಡಲು. ಒಂದು ದಿನ ಇಸ್ತ್ರಿ ಕೋಣೆಯಿಂದ ಗುಡುಗು ಅವರ ಧ್ವನಿ ಕೇಳಿತು, ಆದರೆ ಗುಡುಗು ತಮ್ಮೆದುರಿಗೇ ಕೂತು ಊಟ ಮಾಡುತ್ತಿದ್ದರು ಎನ್ನುತ್ತಾರೆ ಬರಹಗಾರರು.

ಅಕ್ಕನ ಮನೆಯಲ್ಲಿ ಗೊಂದಲ ಕಡಿಮೆಯಾದೀತೆಂದು ಹೋದೆ. ಆಗಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಅವರ ಗಂಡ ನಗುನಗುತ್ತಲೇ ದೂರು ಹೇಳಿಕೊಳ್ಳುತ್ತಾರೆ. “ಇವಳ ಜೊತೆ ನೆಟ್ಟಗೆ ಒಂದು ಜಗಳ ಆಡೋಕಾಗಲ್ಲ ಸಾರ್. ಅರ್ಧದಲ್ಲಿ ರೈಲು ಬಂದುಬಿಡ್ತಾನೆ. ಹೊರಗಿನವರ ಎದುರು ಏನಂತ ಜಗಳ ಆಡೋದು?” ಅಕ್ಕ ಸೋಫಾದಲ್ಲಿ ನನಗಾಗಿ ಜರುಗುತ್ತಾರೆ. ಆಮೇಲೆ ಮಗಳ ಬ್ಯಾಗಿಗಾಗಿ ಇನ್ನೊಂದಿಷ್ಟು ಜರುಗುತ್ತಾರೆ.

ಅಕ್ಕ ಅಡುಗೆಮನೆಗೆ ಹೋದ ಹೊತ್ತಿನಲ್ಲಿ, ಕಾಲೇಜು ಓದುವ ಮಗಳು ದನಿ ತಗ್ಗಿಸಿ ಹೇಳಿದ ಸಂಗತಿಯಿಂದ ಈ ಲೇಖನದ ದಾರಿಯೇ ಬದಲಾಯಿತು.

ವರ್ಷಕ್ಕೊಮ್ಮೆ ತಂಡದವರು ತಮ್ಮತಮ್ಮಲ್ಲೇ ಒಂದು ಸಂಜೆ ಕೂಟ ಮಾಡುತ್ತಾರೆ. ಕ್ಯಾಮೆರಾ ಇಲ್ಲ, ಎದುರಿಗೆ ಮನೆಯವರಷ್ಟೇ. ಅಂದು ಕಲಾವಿದರು ಒಬ್ಬರನ್ನೊಬ್ಬರು ಅಣಕಿಸುತ್ತಾರೆ. ಯಾರನ್ನು ಮಾಡುತ್ತೀರೋ ಅವರದೇ ಚಪ್ಪಲಿ ಹಾಕಿಕೊಂಡು ವೇದಿಕೆ ಹತ್ತಬೇಕು ಎಂಬುದೊಂದೇ ನಿಯಮ. ಹಾಗಾಗಿ ‘ನಿಮ್ಮ ಚಪ್ಪಲಿ ಕೊಡ್ತೀರಾ?’ ಎಂದು ಕೇಳಿಸಿಕೊಳ್ಳುವುದು ತಂಡದಲ್ಲಿ ಬಲು ದೊಡ್ಡ ಮರ್ಯಾದೆ. ಕಾರು ತೊಳೆಯಲು ಬರುತ್ತಿದ್ದವರ ಚಪ್ಪಲಿಯನ್ನೂ ಒಂದು ವರ್ಷ ಕೇಳಿದ್ದಾರೆ. ಅಕ್ಕ ಎಲ್ಲರ ಚಪ್ಪಲಿಯನ್ನೂ ಬೇಡಿ ಹಾಕಿಕೊಂಡಿದ್ದಾರೆ. ಅಕ್ಕನದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

“ಪ್ರತಿ ವರ್ಷ ಆ ದಿನ ಬೆಳಗ್ಗೆ ಅಮ್ಮ ಚಪ್ಪಲಿ ತೊಳೆದು ಒಣಗಿಸ್ತಾಳೆ,” ಎಂದಳು ಮಗಳು. “ಯಾರಾದ್ರೂ ಕೇಳಿದ್ರೆ ಕೊಳೆ ಇರಬಾರದಲ್ಲ ಅಂತ. ರಾತ್ರಿ ಅದನ್ನೇ ಹಾಕ್ಕೊಂಡು ವಾಪಸ್ ಬರ್ತಾಳೆ. ನಾನೂ ಒಂದ್ಸಲ ಅವಳನ್ನ ಮಾಡೋಕೆ ನೋಡ್ದೆ ಸಾರ್. ಕನ್ನಡಿ ಮುಂದೆ ನಿಂತು ಸುಮ್ನಾಗಿಬಿಟ್ಟೆ. ಅಮ್ಮ ಏನು ಮಾಡ್ತಾಳೆ? ಇರ್ತಾಳೆ ಅಷ್ಟೇ.”

ಅಕ್ಕನನ್ನೇ ಕೇಳಿದರೆ, “ಅಯ್ಯೋ, ಕೇಳದಿದ್ರೆ ಬಿಡಿ, ಕಾಲಿಗೆ ಕೆಸರಾಗಲ್ಲ,” ಎಂದು ಗುಡುಗು ಅವರ ಗಂಟಲಿನಲ್ಲಿ ನಕ್ಕರು. ಮರುದಿನ ಕಲಾವಿದರನ್ನು ವಿಚಾರಿಸಿದೆ. “ಅಕ್ಕನಲ್ಲಿ ಹಿಡಿಯೋಕೆ ಏನೂ ಸಿಗಲ್ಲ ಕಣ್ರೀ,” ಎಂದರು ಗುಡುಗು. ರೈಲು ಬಹಳ ಹೊತ್ತು ಮಾತಾಡಿದರು, ಸಾರಾಂಶ ಅದೇ. ಸಪ್ಪೆ ಅಂಗೈ ನೋಡಿಕೊಂಡು ಎದ್ದು ಹೋದರು. ಮೂವರ ಮೇಲೂ ನನಗೆ ಸಿಟ್ಟೇ ಬಂತು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅಕ್ಕ ಹೇಗಿದ್ದಾರೆ ಎಂದು ಎರಡು ಸಾಲು ಬರೆಯಲು ಕೂತರೆ ನನಗೂ ಸ್ವೆಟರ್ ಬಿಟ್ಟು ಏನೂ ಹೊಳೆಯುವುದಿಲ್ಲ.

ಈ ವರ್ಷದ ಸಂಜೆಗೆ ನನಗೂ ಕರೆ ಬಂದಿದೆ. ಅಕ್ಕ ರೈಲಿನ ಬೂಟು ಹಾಕಿಕೊಂಡು ವೇದಿಕೆಯ ಮೇಲೆ ಅವರನ್ನು ಅವರಿಗಿಂತ ವೇಗವಾಗಿ ಓಡಿಸುತ್ತಾರೆ. ರೈಲಿನ ಹೆಂಡತಿ ನಕ್ಕು ನಕ್ಕು ಬಿಕ್ಕಳಿಸುತ್ತಾರೆ. ಇಳಿದು ಬಂದು ಬೂಟು ಕಳಚಿದ ಅಕ್ಕ, ಪರದೆಯ ಮರೆಯಲ್ಲಿ ತಮ್ಮ ಚಪ್ಪಲಿ ಹುಡುಕುತ್ತಾರೆ. ಬಿಟ್ಟ ಜಾಗದಲ್ಲಿ ಇಲ್ಲ. ನಾನೂ ಬಗ್ಗಿ ಬೆಂಚಿನ ಕೆಳಗೆ, ಪೆಟ್ಟಿಗೆಗಳ ಹಿಂದೆ ಹುಡುಕುತ್ತೇನೆ. “ಬೆಳಗ್ಗೆ ತಾನೇ ತೊಳೆದಿದ್ದೆ,” ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಬರಿಗಾಲಲ್ಲಿ ನಿಂತ ಅವರ ಮುಖ ನೋಡಲಾಗುವುದಿಲ್ಲ. ಕೇಳುವವರಂತೂ ಇಲ್ಲ, ಈಗ ಕಳ್ಳರೂ ಬಂದರೇ ಎಂದು ನನಗೆ ಕೋಪ ಬರುತ್ತದೆ.

ಅಷ್ಟರಲ್ಲಿ ಹೊರಗೆ ನಗು ಶುರುವಾಗುತ್ತದೆ. ಪರದೆ ಸರಿಸಿ ಇಬ್ಬರೂ ಇಣುಕುತ್ತೇವೆ. ಖಾಲಿ ವೇದಿಕೆಯ ಮೇಲೆ ಒಂದು ಉದ್ದ ಬೆಂಚು. ನಟ್ಟನಡುವೆ ಸಪ್ಪೆ ಕೂತಿದ್ದಾರೆ. ಯಾರೋ ಬಂದರೆಂಬಂತೆ ತಲೆ ಎತ್ತಿ, “ಬನ್ನಿ, ಕೂತ್ಕೊಳ್ಳಿ,” ಎಂದು ಜರುಗುತ್ತಾರೆ. ಯಾರೂ ಬಂದಿಲ್ಲ. ಮತ್ತೆ ತಲೆ ಎತ್ತುತ್ತಾರೆ, ಮತ್ತೆ ಜರುಗುತ್ತಾರೆ. ಬೆಂಚಿನ ಅಷ್ಟೂ ಜಾಗ ಖಾಲಿ ಬಿದ್ದಿರುವಾಗ ತುದಿಗೆ ಬಂದು, ಅರ್ಧ ಕೂತು, ಇನ್ನೂ ಒಬ್ಬರಿಗೆ ಜಾಗ ಮಾಡಲು ಹೋಗಿ ದೊಪ್ಪೆಂದು ಬೀಳುತ್ತಾರೆ. ಬಿದ್ದ ಮೇಲೂ ನೆಲದ ಮೇಲೆ ಒಂದಿಷ್ಟು ಜರುಗಿ, ಪಕ್ಕದ ನೆಲ ತೋರಿಸುತ್ತಾರೆ. “ಬನ್ನಿ, ಕೂತ್ಕೊಳ್ಳಿ.”

ಚಪ್ಪಾಳೆಗೆ ಗೋಡೆ ನಡುಗುತ್ತದೆ. ಗುಡುಗು ಎದ್ದು ನಿಂತಿದ್ದಾರೆ. ಲಿಫ್ಟಿನವರು ತೊಡೆ ತಟ್ಟಿ ನಗುತ್ತಿದ್ದಾರೆ. ಮಗಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಇಲ್ಲಿಂದ ತಿಳಿಯುವುದಿಲ್ಲ. ಇಡೀ ಕೋಣೆಯಲ್ಲಿ ನಗದವರು ಅಕ್ಕ ಒಬ್ಬರೇ.

“ಚೆನ್ನಾಗಿ ಮಾಡ್ತಿದ್ದಾನೆ,” ಎಂದು ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. “ಯಾರನ್ನ ಮಾಡ್ತಿರೋದು?”

ನಾನು ಸಪ್ಪೆಯ ಪಾದದತ್ತ ಬೆರಳು ತೋರಿಸುತ್ತೇನೆ. ಹೆಂಗಸರ ಪುಟ್ಟ ಚಪ್ಪಲಿಯಿಂದ ಅರ್ಧ ಪಾದ ಹೊರಗೇ ಇದೆ. ಅಕ್ಕ ನೋಡುತ್ತಾರೆ. ತಮ್ಮ ಬರಿಗಾಲು ನೋಡಿಕೊಳ್ಳುತ್ತಾರೆ. ಮತ್ತೆ ಅತ್ತ ನೋಡುತ್ತಾರೆ. ಆಮೇಲೆ ಹಿಂದೆ ಇದ್ದ ಬೆಂಚಿನ ಮೇಲೆ ಮೆಲ್ಲಗೆ ಕೂತುಬಿಡುತ್ತಾರೆ. ನಾನೂ ಪಕ್ಕದಲ್ಲಿ ಕೂರುತ್ತೇನೆ.

ಸಪ್ಪೆ ಒಳಗೆ ಬಂದು, ಚಪ್ಪಲಿ ಕಳಚಿ, ಅಕ್ಕನ ಕಾಲ ಬಳಿ ಜೋಡಿಸಿಡುತ್ತಾರೆ. “ಕೇಳದೆ ತಗೊಂಡೆ, ತಪ್ಪಾಯ್ತು ಅಕ್ಕ. ಕೇಳಿದ್ರೆ ನೀವು ‘ಕಾಲಿಗೆ ಕಚ್ಚತ್ತೆ’ ಅಂತ ನನ್ನ ಅಳತೆದೇ ಬೇರೆ ಜೋಡಿ ತಂದ್ಕೊಡ್ತಿದ್ರಿ.” ಅವರು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಅಕ್ಕ ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಆಮೇಲೆ ಬಂದ ಧ್ವನಿ ಗುಡುಗು ಅವರದಲ್ಲ, ರೈಲಿನದಲ್ಲ, ಸಪ್ಪೆಯದಲ್ಲ, ನನ್ನದೂ ಅಲ್ಲ. ಸ್ವಲ್ಪ ತೆಳು, ಸ್ವಲ್ಪ ಒಡಕು. ನನ್ನ ರೆಕಾರ್ಡಿಂಗ್‌ನಲ್ಲಿ ಅದು ಎಲ್ಲೂ ಇರಲಿಲ್ಲ.

“ಚೆನ್ನಾಗಿ ಮಾಡ್ದೆ ಕಣೋ. ಆದ್ರೆ ಸ್ವಲ್ಪ ಅತಿ ಆಯ್ತು. ನಾನು ಅಷ್ಟೊಂದು ಜರುಗಲ್ಲಪ್ಪ,” ಎನ್ನುತ್ತಾ ಅವರು ಸಪ್ಪೆಗೆ ಕೂರಲು ಜಾಗ ಮಾಡಿಕೊಡುತ್ತಾರೆ. ಬೆಂಚಿನ ಈಚೆ ತುದಿಯಲ್ಲಿದ್ದ ನಾನು, ಬೀಳದಂತೆ ಗೋಡೆ ಹಿಡಿದುಕೊಳ್ಳುತ್ತೇನೆ.