ಕಟಕಟವೋ ಗಟಗಟವೋ

ನಮ್ಮ ವರ್ಕ್‌ಶಾಪಿಗೆ ಯಾರು ಫೋನು ಮಾಡಿದರೂ ಅಪ್ಪ ಮೊದಲು ಕೇಳುವುದು ಒಂದೇ ಮಾತು: "ಏನಂತೈತ್ರೀ?" ಗಾಡಿ ಯಾವುದು, ಊರು ಯಾವುದು ಎಂಬುದೆಲ್ಲ ಆಮೇಲೆ. ಆ ಕಡೆಯವರು ವಕೀಲರಿರಲಿ, ಮಂಡಿ ಸಾಹುಕಾರರಿರಲಿ, ಗಾಡಿ ಮಾಡುವ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಲೇಬೇಕು. ಹೊನ್ನಾಳಿಯ ಡಾಕ್ಟರೊಬ್ಬರು ಒಮ್ಮೆ ಕ್ಲಿನಿಕ್ಕಿನಿಂದಲೇ "ಗುಂಯ್ಯ್" ಎಂದು ಎಳೆದರು. ಅಪ್ಪ "ಇನ್ನೊಂದ್ ಸಲ ಅನ್ರಿ" ಎಂದರು. ಎರಡನೇ ಸಲಕ್ಕೆ ಪೇಷಂಟುಗಳು ನಕ್ಕಿದ್ದು ನಮಗೂ ಕೇಳಿಸಿತು.

ಗುಂಯ್ ಅಂದರೆ ಗೇರ್ ಬಾಕ್ಸು. ಚೀಂವ್ ಅಂದರೆ ಬೆಲ್ಟು. ಗೊರಗೊರ ಅಂದರೆ ಸೈಲೆನ್ಸರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಪ್ಪ ಕಲಿಸಿದ ಕಾಗುಣಿತ ಇದು. ಇದರಲ್ಲಿ ನಾನು ಫೇಲಾದವನಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಯಾಕೆ "ಹೇಳುತ್ತಿದ್ದೆ" ಅಂದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಚನ್ನಗಿರಿಯಿಂದ ಬಸವಾಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ತಗಡಿನ ಶೆಡ್ಡು. ಹಳೇ ಕಾರುಗಳನ್ನು ಬಿಟ್ಟು ಬೇರೆ ಕೆಲಸ ಹಿಡಿಯುವುದಿಲ್ಲ. ಇಂಜಿನ್ನು ಅಪ್ಪನದು ಮತ್ತು ನನ್ನದು, ತಗಡು ಮತ್ತು ಪೇಂಟು ತಮ್ಮನದು, ಸೀಟಿನ ಹೊಲಿಗೆ ನನ್ನ ಹೆಂಡತಿಯದು. ನ್ಯಾಮತಿಯಿಂದ ಬಂದ ಒಂದು ಕಾರಿನ ಹಿಂದಿನ ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಅವಳು ಸೀಟು ಬಿಚ್ಚಿ ಕಿರುಚಿದ್ದಕ್ಕೆ ಎದುರಿನ ಟೀ ಅಂಗಡಿಯವರೆಲ್ಲ ಓಡಿ ಬಂದರು. ಕಾರಿನ ಕೆಳಗೆ ಮಲಗಿದ್ದ ಅಪ್ಪ ಮಾತ್ರ ಅಲ್ಲಾಡಲಿಲ್ಲ. ಸಾಯಂಕಾಲ ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಮಾವ್ನೋರಿಗೆ ಕಿವಿ ಮಂದ ಆಗೈತೆ ಕಣ್ರೀ" ಎಂದಳು.

ನಾನು ಸಿಟ್ಟಾದೆ. ದಾವಣಗೆರೆಯ ತನಕ ಹೆಸರಾದ ಕಿವಿ ಅದು. ಆದರೆ ಅವಳು ಹೇಳಿದ ಮೇಲೆ ನೋಡುತ್ತಾ ಹೋದೆ. ಟೀ ಬೇಕಾ ಅಂದರೆ "ಹದಿನಾಲ್ಕು ಹನ್ನೆರಡು ಕೊಡು" ಎಂದು ಸ್ಪ್ಯಾನರಿಗೆ ಕೈ ಚಾಚುತ್ತಿದ್ದರು. ಕೇಳಿಸದ ಮಾತಿಗೆಲ್ಲ "ಹೂಂ, ಆತು" ಅನ್ನುತ್ತಿದ್ದರು. ಕೇಳಿಸಲಿಲ್ಲ ಎಂಬ ಮಾತನ್ನು ಮಾತ್ರ ಅವರ ಬಾಯಿಂದ ಹೊರಡಿಸಲಾಗುತ್ತಿರಲಿಲ್ಲ. ನಾವೂ ಆ ವಿಷಯ ಎತ್ತಲಿಲ್ಲ. ಕಿವಿ ಹೋಯಿತು ಎಂದು ಒಮ್ಮೆ ಬಾಯಿಬಿಟ್ಟರೆ ಅಪ್ಪ ಶೆಡ್ಡಿಗೆ ಬರುವುದನ್ನೇ ಬಿಡುತ್ತಾರೆಂಬ ಹೆದರಿಕೆ ನನಗೆ.

ಆಗ ಜಗಳೂರಿನ ಮೇಷ್ಟ್ರ ಕಾರು ಬಂತು. ಹೈಸ್ಕೂಲಿನಿಂದ ರಿಟೈರಾದವರು. ಅವರ ತಂದೆಯ ಕಾಲದ ಅಂಬಾಸಿಡರ್ ದನದ ಕೊಟ್ಟಿಗೆಯ ಪಕ್ಕದಲ್ಲಿ ಬಹಳ ವರ್ಷ ನಿಂತೇ ಇತ್ತು. ನಾಲ್ಕು ತಿಂಗಳು ಕೆಲಸ ಮಾಡಿದೆವು. ತಮ್ಮ ಮೊಸರಿನ ಬಣ್ಣ ಹೊಡೆದ, ಹೆಂಡತಿ ಕೆಂಪು ರೆಕ್ಸಿನ್ ಹೊಲಿದಳು. ಇಂಜಿನ್ನಿನ ತಲೆ ಅಪ್ಪನ ಪಾಲು. ಅಡಿಯ ಕೆಲಸ, ಅಂದರೆ ಕ್ರ್ಯಾಂಕು ಎಂಬ ತಿರುಗುವ ದಂಡ ಮತ್ತು ಅದರ ಬೇರಿಂಗುಗಳು, ನನ್ನ ಪಾಲು. ಅಪ್ಪನಿಗೆ ಈಚೆಗೆ ಮಂಡಿ ನೋವು. ಮೇಷ್ಟ್ರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರ್ನು ಹೊಡೆಯುತ್ತಾ ಹೋದರು.

ಎರಡು ವಾರಕ್ಕೆ ಫೋನು ಬಂತು. ನಾನು ಎತ್ತಿ, ಪದ್ಧತಿಯಂತೆ ಅಪ್ಪನ ಕೈಗೆ ಕೊಟ್ಟೆ. "ಏನಂತೈತ್ರೀ ಮೇಷ್ಟ್ರೇ?" ಎಂದರು. ಕೇಳಿಸಿಕೊಂಡರು, ತಲೆಯಾಡಿಸಿದರು, ಫೋನನ್ನು ನನಗೆ ವಾಪಸು ಕೊಟ್ಟು, "ಗಟಗಟ ಅಂತೈತಂತೆ. ಮೆತ್ತಗೆ ಓಡಿಸ್ಕಂಡು ಬರಾಕೆ ಹೇಳು" ಎಂದರು. ನಾನು ಹಾಗೆಯೇ ಹೇಳಿದೆ.

ಗಟಗಟ ಅಂದರೆ ನಮ್ಮಲ್ಲಿ ಕಾರ್ಬುರೇಟರ್ ಉಕ್ಕಿ ಪೆಟ್ರೋಲು ಕುಡಿಯುತ್ತಿದೆ ಎಂದರ್ಥ. ಅಂಥ ಗಾಡಿಯನ್ನು ಓಡಿಸಿಕೊಂಡು ಬರಬಹುದು. ಕಟಕಟ ಅಂದರೆ ಇಂಜಿನ್ನಿನ ಹೊಟ್ಟೆಯಲ್ಲಿ ಬೇರಿಂಗು ಸಡಿಲವಾಗಿದೆ ಎಂದು. ಅಂಥ ಗಾಡಿಯ ಕೀ ಕೂಡ ತಿರುಗಿಸಬಾರದು. ಓಡಿಸಿದರೆ ಕ್ರ್ಯಾಂಕೇ ಹೋಗುತ್ತದೆ, ಆ ಹಳೇ ಗಾಡಿಯ ಕ್ರ್ಯಾಂಕು ಎಲ್ಲಿ ಹುಡುಕಿದರೂ ಸಿಗುವ ಕಾಲ ಇದಲ್ಲ.

ಮಾರನೇ ದಿನ ಹನ್ನೊಂದರ ಸುಮಾರಿಗೆ ಕಾರು ಇನ್ನೂ ತಿರುವಿನಲ್ಲಿರುವಾಗಲೇ ಆ ಶಬ್ದ ನನಗೆ ಕೇಳಿಸಿತು. ಕಟ್, ಕಟ್, ಕಟ್, ಕಟ್. ತಮ್ಮ ಪೇಂಟಿನ ಗನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಕಾರು ಶೆಡ್ಡಿನ ಮುಂದೆ ನಿಂತಿತು. ಅಪ್ಪ ನಗುನಗುತ್ತಾ ಬಾನೆಟ್ಟು ಎತ್ತಿ, ಕಟಕಟ ಎಂದು ಕುಟ್ಟುತ್ತಿದ್ದ ಇಂಜಿನ್ನಿನ ಮೇಲೆ ಬಗ್ಗಿ, ಕಾರ್ಬುರೇಟರಿನ ನಟ್ಟಿಗೆ ಸ್ಪ್ಯಾನರು ಹಾಕಿದರು.

ನಾನು ಓಡಿ ಹೋಗಿ ಇಂಜಿನ್ ಬಂದ್ ಮಾಡಿದೆ.

ಮೇಷ್ಟ್ರು ಇಳಿದರು. "ಅಲ್ರೀ, ನಾನು ಫೋನಿನಾಗೆ ಕಟಕಟ ಅಂತ ಎಷ್ಟು ಸ್ಪಷ್ಟ ಹೇಳಿದ್ದೆ! ಕನ್ನಡ ಪಾಠ ಮಾಡ್ದೋನು ನಾನು, ಕಕಾರ ಗಕಾರ ತಪ್ಪಾಕಿಲ್ಲ. ಓಡಿಸ್ಕಂಡು ಬರ್ರಿ ಅಂದ್ರಿ, ಎತ್ತಿನ ಗಾಡಿ ಹಂಗೆ ಬಂದೀನಿ. ದಾರಿಗುಂಟ ನಮ್ಮನೆಯೋಳು ಬೈದಿದ್ದೂ ಬೈದಿದ್ದೇ."

ಅಪ್ಪ ಒಮ್ಮೆ ಅವರ ತುಟಿ, ಒಮ್ಮೆ ನನ್ನ ತುಟಿ ನೋಡುತ್ತಿದ್ದರು. ಸ್ಪ್ಯಾನರು ಇನ್ನೂ ನಟ್ಟಿನ ಮೇಲೇ ಇತ್ತು. ನನಗೆ ತಡೆಯಲಾಗಲಿಲ್ಲ. "ಅಪ್ಪಾಜಿ ಕಟಕಟ ಅಂತ್ಲೇ ಹೇಳಿದ್ರು ಮೇಷ್ಟ್ರೇ. ನಾನೇ ಗಟಗಟ ಅಂತ ಕೇಳಿಸ್ಕಂಡೆ. ತಪ್ಪು ನಂದು" ಎಂದು ಗಟ್ಟಿಯಾಗಿಯೇ ಹೇಳಿದೆ. ಹೇಳುವಾಗ, ದೊಡ್ಡ ಮಗ ಅಂದರೆ ಹೀಗಿರಬೇಕು ಎಂದು ಒಳಗೊಳಗೆ ಬೀಗಿದ್ದೂ ನಿಜ.

ಬೇರೆ ಯಾವ ಮಾತು ಕೇಳಿಸದಿದ್ದರೂ ಅದೊಂದು ಮಾತು ಅಪ್ಪನಿಗೆ ಕೇಳಿಸಿತು.

"ಲೇ, ಸುಳ್ಳು ಯಾಕೆ ಹೇಳ್ತೀಯ?" ಎಂದರು. ಮುಖ ಕೆಂಪಾಗಿತ್ತು. "ಮೇಷ್ಟ್ರೇ, ಗಟಗಟ ಅಂದೋನು ನಾನು. ಇವ್ನಲ್ಲ. ಐವತ್ತು ವರ್ಷ ಕೆಲ್ಸ ಮಾಡೀನಿ, ನನ್ನ ತಪ್ಪು ಹೊರಾಕೆ ನನಗೆ ಭುಜ ಐತೆ." ಆಮೇಲೆ ನನ್ನ ಕಡೆ ತಿರುಗಿ, "ನನ್ನ ತಪ್ಪಿಗೆ ನಿನ್ನ ಹೆಸ್ರು ಹಾಕಿದ್ರೆ, ನಾನು ಸತ್ತೋನು ಅಂತ ಅರ್ಥ ಏನು?"

ಮೇಷ್ಟ್ರೇ ಸಮಾಧಾನ ಮಾಡಲು ಹೊರಟರು. "ಇರ್ಲಿ ಬಿಡ್ರಿ, ಯಾರದಾದ್ರೇನು." ಅಪ್ಪ ಬಿಡಲಿಲ್ಲ. "ಯಾವ ಬೇರಿಂಗು ಅಂತ ನಾನೇ ಹೇಳ್ತೀನಿ. ದೊಡ್ಡೋನೆ, ಒಂದು ನಿಮಿಷ ಸ್ಟಾರ್ಟ್ ಮಾಡು. ಜಾಸ್ತಿ ಬೇಡ."

ತಮ್ಮ ನನ್ನ ಕಿವಿಯಲ್ಲಿ, "ಅಣ್ಣಾ, ಬೇಡ ಅನ್ನು. ಕೇಳಿಸ್ದೆ ಹೋದ್ರೆ ಮೇಷ್ಟ್ರ ಮುಂದೆ ಇನ್ನೂ ಅವಮಾನ" ಎಂದ. ಆದರೂ ನಾನು ಸ್ಟಾರ್ಟ್ ಮಾಡಿದೆ.

ಅಪ್ಪ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಇಂಜಿನ್ನಿಗೆ ಒತ್ತಿದರು. ಮರದ ಹಿಡಿಯನ್ನು ಎಲ್ಲರಂತೆ ಕಿವಿಗೆ ಇಡಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹಿಡಿದು ಕಣ್ಣು ಮುಚ್ಚಿದರು. ಇಂಜಿನ್ನಿನ ಕುಟ್ಟು ಹಲ್ಲಿನ ಮೂಲಕ ತಲೆಬುರುಡೆಗೇ ಹೋಗಿ ಮುಟ್ಟುತ್ತದೆ, ಕಿವಿಯ ಹಂಗಿಲ್ಲ. ಎಷ್ಟು ತಿಂಗಳಿಂದ ಹೀಗೆ ಮಾಡುತ್ತಿದ್ದರೋ, ಒಂದೇ ಶೆಡ್ಡಿನಲ್ಲಿದ್ದ ನಾನು ನೋಡಿಯೇ ಇರಲಿಲ್ಲ. ಕೈಸನ್ನೆ ಮಾಡಿದ ಹಾಗೆ ನಾನು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಾ ಹೋದೆ. ಯಾವುದನ್ನು ಕಿತ್ತಾಗ ಕುಟ್ಟು ತಗ್ಗುತ್ತದೋ ಅದರ ಬೇರಿಂಗೇ ಸಡಿಲ ಎಂದರ್ಥ. ಮೊದಲನೆಯದು, ಎರಡನೆಯದು, ಕುಟ್ಟು ಹಾಗೇ ಇತ್ತು. ಮೂರನೆಯದನ್ನು ಕಿತ್ತಾಗ ಕಡಿಮೆಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪನ ಮೂರು ಬೆರಳು ಮೇಲೆದ್ದಿದ್ದವು.

ಆಯಿಲ್ ಇಳಿಸಿ, ಅಡಿಯ ಚೇಂಬರು ಬಿಚ್ಚಿ, ಮೂರನೇ ಬೇರಿಂಗಿಗೆ ಕೈ ಹಾಕಿದೆ. ಒಂದು ನಟ್ಟು ನನ್ನ ಬೆರಳಿಗೇ ತಿರುಗಿತು. ನಾಲ್ಕು ಬೇರಿಂಗಿಗೂ ಸೇರಿ ಅಲ್ಲಿ ಎಂಟು ನಟ್ಟುಗಳಿರುತ್ತವೆ. ಟೈಟು ಮಾಡಿದ ಮೇಲೆ ಸಡಿಲಾಗದಂತೆ ಪ್ರತಿಯೊಂದರ ಅಡಿಯಲ್ಲಿರುವ ತಗಡಿನ ಲಾಕನ್ನು ಮಡಚಬೇಕು. ಏಳಕ್ಕೆ ಮಡಚಿತ್ತು. ಇದೊಂದಕ್ಕೆ ತಗಡು ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಮಡಚುವ ಹೊತ್ತಿಗೆ ಹೆಂಡತಿ ಊಟಕ್ಕೆ ಕರೆದದ್ದು, ಬಂದು ಮಡಚೋಣ ಎಂದು ಎದ್ದದ್ದು ನೆನಪಾಯಿತು. ಬಂದು ಮಡಚಿದ್ದು ನೆನಪಾಗಲಿಲ್ಲ.

ಕಾರಿನ ಕೆಳಗೆ ಎಷ್ಟು ಹೊತ್ತು ಮಲಗಿದ್ದೆನೋ. ಆ ಲಾಕನ್ನು ಈಗಲೇ ಮಡಚಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಅಷ್ಟರಲ್ಲಿ ಪಕ್ಕಕ್ಕೆ ಅಪ್ಪನ ಮುಖ ಬಂತು, ನೋಯುವ ಮಂಡಿ ಊರಿಕೊಂಡು ಬಗ್ಗಿದ್ದರು. ಟಾರ್ಚು ಹಾಕಿ ನೋಡಿದರು. ಬೈಯಲಿಲ್ಲ. ಗೀರು ಬಿದ್ದಿದೆಯೋ ಎಂದು ಕ್ರ್ಯಾಂಕಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು, "ಉಳ್ಕಂಡೈತೆ. ಬೇರಿಂಗು ಬದಲಾಯಿಸಿದ್ರೆ ಸಾಕು" ಎಂದರು. ಮೇಷ್ಟ್ರು ಎತ್ತಿನ ಗಾಡಿಯಂತೆ ಓಡಿಸಿದ್ದು ನಮ್ಮ ಪುಣ್ಯ. ಆಮೇಲೆ ಮೆಲ್ಲಗೆ, "ತಪ್ಪು ನಂದು ಅಂತ ಬೆಳಗ್ಗೆ ಚೆನ್ನಾಗಿ ಹೇಳ್ದೆ. ಈಗ ಹೋಗಿ ಹೇಳು" ಎಂದರು.

ಬೆಳಿಗ್ಗೆ ಸುಳ್ಳು ಹೇಳುವಾಗ ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು! ಕಾರಿನ ಕೆಳಗಿಂದ ತೆವಳಿ ಹೊರಗೆ ಬಂದೆ. ಮೇಷ್ಟ್ರು ಮತ್ತು ಅವರ ಮನೆಯವರು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ಆಯಿಲ್ ಕೈಯಲ್ಲೇ ನಿಂತು ಹೇಳಿದೆ. "ಮೇಷ್ಟ್ರೇ, ಶಬ್ದ ಬಂದಿದ್ದೇ ನನ್ನಿಂದ. ಒಂದು ಲಾಕು ಮಡಚೋದು ಬಿಟ್ಟಿದ್ದೆ. ಅಪ್ಪಾಜಿ ಅಲ್ಲ, ನಾನು."

ಮೇಷ್ಟ್ರು ಟೀ ಲೋಟ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. "ನನ್ನ ಇಡೀ ಸರ್ವೀಸಿನಾಗೆ ಒಬ್ಬ ಹುಡುಗನಿಂದ ಒಂದು ತಪ್ಪು ಒಪ್ಪಿಸಾಕೆ ನಾಲ್ಕು ಬೆತ್ತ ಮುರೀತಿದ್ವು. ನೀನು ಒಂದೇ ದಿನ ಎರಡು ಸಲ ಒಪ್ಕಂಡೆ. ಅದ್ರಾಗೆ ಒಂದು ನಿಜಾನೂ ಹೌದು!" ಅವರ ಹೆಂಡತಿಗೆ ನಗು ತಡೆಯಲಾಗದೆ ಟೀ ನೆತ್ತಿಗೆ ಹತ್ತಿತು. ತಮ್ಮ ಶೆಡ್ಡಿನ ಹಿಂದಕ್ಕೆ ಹೋಗಿ ನಕ್ಕ.

ಅಪ್ಪ ಎಲ್ಲರ ಮುಖ ನೋಡಿದರು. ಎಂದಿನಂತೆ "ಹೂಂ, ಆತು" ಎನ್ನುತ್ತಾರೆಂದುಕೊಂಡೆ. ಅವರು ಬಳಿಗೆ ಬಂದು, ಕಿವಿಯ ಹಿಂದೆ ಅಂಗೈ ಇಟ್ಟು, ಎಲ್ಲರೆದುರೇ ನನ್ನ ಬಾಯಿಯ ಹತ್ತಿರ ತಲೆ ತಂದರು.

"ನಂಗೆ ಕೇಳಿಸ್ಲಿಲ್ಲ ಕಣೋ. ಏನಂದ್ರು ಮೇಷ್ಟ್ರು? ಜೋರಾಗಿ ಹೇಳು."

ನನ್ನನ್ನೇ ಗೇಲಿ ಮಾಡಿದ ಆ ಮಾತನ್ನು, ಒಂದಕ್ಷರವೂ ಬಿಡದೆ, ಬಸವಾಪಟ್ಟಣದ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಪ್ಪನ ಕಿವಿಗೆ ಕೂಗಿ ಹೇಳಿದೆ.