ಹಲಗೆಯ ಮೇಲೆ ಊರು ಬರೆಯುವ ಶಿವಕಾಂತಮ್ಮ

ಬೆಳಗಿನ ಆರೂವರೆ. ಕಲಬುರಗಿಯ ವಿಶ್ವವಿದ್ಯಾಲಯವೊಂದರ ಗೇಟಿನ ಒಳಗೆ, ಬೇವಿನ ಮರದ ಪಕ್ಕದ ಕಪ್ಪು ಹಲಗೆಯನ್ನು ಶಿವಕಾಂತಮ್ಮ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ನಿನ್ನೆಯ ಉಪನ್ಯಾಸ, ನಿನ್ನೆಯ ಪ್ರಶಸ್ತಿ ಎಲ್ಲವೂ ಬಿಳಿ ನೀರಾಗಿ ಕಟ್ಟೆಗೆ ಇಳಿಯುತ್ತವೆ. ಹಲಗೆ ಆರುವತನಕ ಸುತ್ತಲಿನ ಎಲೆ ಗುಡಿಸುತ್ತಾರೆ. ಆಮೇಲೆ ಸೆರಗು ಸಿಕ್ಕಿಸಿ, ಸಕ್ಕರೆ ನೀರಿನಲ್ಲಿ ನೆನೆಸಿ ಒಣಗಿಸಿದ ಚಾಕ್‌ಪೀಸನ್ನು ಚೀಲದಿಂದ ತೆಗೆಯುತ್ತಾರೆ.

"ಸಕ್ಕರಿ ಇದ್ರ ಅಕ್ಷರ ಗಟ್ಟಿ ಹಿಡೀತಾವ್ರೀ. ಇರುವಿ ಬರ್ತಾವ, ಬರ್ಲಿ. ಅವೂ ಓದ್ಕೊಂಡು ಹೋಗ್ತಾವ."

ಹಲಗೆಯ ಎಡಕ್ಕೆ ಮುಂಬರುವ ಕಾರ್ಯಕ್ರಮಗಳು, ಬಲಕ್ಕೆ ಹಳೆಯ ವಿದ್ಯಾರ್ಥಿಗಳ ಸಾಧನೆ. ಕಚೇರಿಯಿಂದ ಬರುವ ಚೀಟಿಯಲ್ಲಿ ಹೆಸರು, ವಿಭಾಗ, ಸಾಧನೆ ಇಷ್ಟೇ ಇರುತ್ತದೆ. ಹೆಸರಿನ ಮುಂದೆ ಊರು ಸೇರಿಸುವುದು ಶಿವಕಾಂತಮ್ಮನವರದೇ ರೂಢಿ.

ಅದರ ಬೇರು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿದೆ. ಏಳನೇ ತರಗತಿಗೆ ಶಾಲೆ ಬಿಟ್ಟ ಕಮಲಾಪುರದ ಈ ಹೆಣ್ಣುಮಗಳು ಅಲ್ಲಿಯ ಅಡತಿ ದಲ್ಲಾಳಿಯ ಅಂಗಡಿಯಲ್ಲಿ ಹನ್ನೊಂದು ವರ್ಷ ತೊಗರಿ ಚೀಲಗಳ ಮೇಲೆ ರೈತರ ಹೆಸರು ಬರೆದರು. "ಒಂದೇ ದಿನ ಮೂರು ಮಂದಿ ಸಾಯಬಣ್ಣ ಬರ್ತಿದ್ರು. ಊರಿಲ್ಲದ ಚೀಲ ಯಾರ್ದೂ ಅಲ್ರೀ," ಎನ್ನುತ್ತಾರೆ. ಕೆಮ್ಮು ಹತ್ತಿತು. ಡಾಕ್ಟರು ಧೂಳು ಬಿಡು ಎಂದರು. ಗುತ್ತಿಗೆಯ ಮೇಲೆ ಇಲ್ಲಿಗೆ ಬಂದು ಒಂಬತ್ತು ವರ್ಷ. "ತೊಗರಿ ಧೂಳು ಬಿಟ್ಟು ಕಸದ ಧೂಳಿಗೆ ಬಂದೆ. ಇಲ್ಲಿ ಗಾಳಿಯರೆ ಅದ."

ಹಲಗೆ ಬರೆಯುತ್ತಿದ್ದ ಜಹೀರುದ್ದೀನ್ ನಿವೃತ್ತರಾದ ದಿನ ಚಾಕ್‌ಪೀಸು ಇವರ ಕೈಗೆ ಬಂತು. ಅದಕ್ಕೆ ಆರು ವರ್ಷ. ದಾಖಲೆಯಲ್ಲಿ ಮಾತ್ರ ಶಿವಕಾಂತಮ್ಮ ಇನ್ನೂ ಕಸ ಗುಡಿಸುವವರೇ. ಕಮಲಾಪುರದಿಂದ ಐದೂಕಾಲಿನ ಬಸ್ಸು, ದಿನಕ್ಕೆ ಹನ್ನೆರಡು ಸಾಲು, ಊರು ಕೇಳಲು ಮೂರೋ ನಾಲ್ಕೋ ಫೋನು.

ಫೋನು ಶುರುವಾದದ್ದು ಒಂದು ತಪ್ಪಿನಿಂದ. ಮೂರು ವರ್ಷದ ಹಿಂದೆ ಚೀಟಿಯಲ್ಲಿ 'ಪಂಚಶೀಲಾ, ಸಸ್ಯಶಾಸ್ತ್ರ, ಸಂಶೋಧನಾ ಪ್ರಶಸ್ತಿ' ಎಂದಿತ್ತು. ತಮ್ಮ ಓಣಿಯ ಪೀರಪ್ಪನ ಮಗಳು ಪಂಚಶೀಲಾ ಅದನ್ನೇ ಓದಿದ್ದಳು. ಇನ್ನೇನು ಕೇಳುವುದು? ಕಮಲಾಪುರ ಎಂದು ಬರೆದೇ ಬಿಟ್ಟರು. ಯಾರೋ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು. ಮಗಳು "ನಾನಲ್ಲ" ಎಂದು ಹೇಳುವ ಮೊದಲೇ ಪೀರಪ್ಪ ಟೆಂಪೋ ಮಾಡಿಕೊಂಡು, ಎರಡು ಬುಟ್ಟಿ ಕೆಂಪು ಬಾಳೆಹಣ್ಣು ತಂದು ಗೇಟಿನಲ್ಲಿ ಹಂಚಿದ್ದ. ಸಂಜೆಗೆ ತಿಳಿಯಿತು, ಪ್ರಶಸ್ತಿ ಬಂದದ್ದು ಮಹಾಗಾಂವದ ಪಂಚಶೀಲಾಗೆ.

ಅಂದೇ ಪೀರಪ್ಪನ ಮನೆಗೆ ಹೋಗಿ ಶಿವಕಾಂತಮ್ಮ ತಪ್ಪಾಯಿತೆಂದು ಕೈ ಮುಗಿದರು. ಅವನು ಅಂದ: "ತಿಂದವರು ತಿಂದಾರ, ಬಿಡು ತಂಗಿ. ಇದು ಮುಂಗಡ ಅಂತ ತಿಳ್ಕೋ. ನನ್ನ ಮಗಳದು ಖರೇನೆ ಬಂದಾಗ ಹಣ್ಣು ಕೇಳಬ್ಯಾಡ."

ಈಗ ಹಲಗೆಗೇ ಕುತ್ತು ಬಂದಿದೆ. ಬರುವ ಭಾನುವಾರ ಹಳೆಯ ವಿದ್ಯಾರ್ಥಿಗಳ ಸಮಾವೇಶ. ಅಂದೇ ಗೇಟಿನಲ್ಲಿ ಹೊಸ ಡಿಜಿಟಲ್ ಪರದೆ ಬೆಳಗುತ್ತದೆ. ಸೋಮವಾರ ಹಲಗೆ ಗೋದಾಮಿಗೆ. ಪರದೆಗೆ ಪಟ್ಟಿ ಹೊಂದಿಸುತ್ತಿರುವ ಕಚೇರಿಯ ದಿಲೀಪ ಮೊನ್ನೆ ಹೇಳಿಬಿಟ್ಟ: "ಊರಿಗೆ ಜಾಗ ಇಲ್ಲ ಕಾಕು. ಹೆಸರು, ಫೋಟೊ, ಮುಗೀತು."

ಶಿವಕಾಂತಮ್ಮ ಪಟ್ಟಿ ಓದಿದರು. ನಾಲ್ಕನೇ ಸಾಲು: ಪಂಚಶೀಲಾ, ಸಸ್ಯಶಾಸ್ತ್ರ, ಸರ್ಕಾರಿ ಕಾಲೇಜಿನ ಉಪನ್ಯಾಸಕಿಯಾಗಿ ಆಯ್ಕೆ. ಫೋಟೊ ಇನ್ನೂ ಬಂದಿರಲಿಲ್ಲ.

"ಯಾವ ಪಂಚಶೀಲಾ?"

"ನನಗೇನು ಗೊತ್ತು ಕಾಕು, ಪಂಚಶೀಲಾ ಅಂದ್ರ ಪಂಚಶೀಲಾ."

"ಹಂಗಂದೇ ನಾನೂ ಒಮ್ಮೆ ಮೂಗು ಕೊಯ್ಸಿಕೊಂಡೀನಿ ತಮ್ಮಾ."

ಅಲ್ಲೇ ಫೋನು ತೆಗೆದು ಮೊದಲು ಮಹಾಗಾಂವಕ್ಕೆ ಕೇಳಿದರು. ಆಯ್ಕೆಯಾದದ್ದು ಅಲ್ಲಿಯ ಪಂಚಶೀಲಾ ಅಲ್ಲ. ಆಮೇಲೆ ಪೀರಪ್ಪನಿಗೆ.

"ಹೌದು ತಂಗಿ, ಈ ಸಲ ನಮ್ಮಾಕೀನೇ. ಆರ್ಡರ್ ಕೈಯಾಗ ಹಿಡ್ಕೊಂಡೇ ಕುಂತೀನಿ."

"ಮತ್ತ ಹಣ್ಣು, ಅಣ್ಣಾ?"

"ಮುಂಗಡ ಕೊಟ್ಟಿಲ್ಲೇನು?" ಪೀರಪ್ಪನ ನಗು ದಿಲೀಪನಿಗೂ ಕೇಳಿಸಿತು. ಅವನು ಅಕ್ಷರದ ಅಳತೆ ಕಿರಿದು ಮಾಡಿ, ಹೆಸರಿನ ಕೆಳಗೆ 'ಕಮಲಾಪುರ' ಎಂದು ಕೂಡಿಸಿದ. ಉಳಿದ ಹದಿನೇಳು ಹೆಸರಿನ ಊರು ಯಾವುದೆಂದು ಕೇಳಿ, ಪಟ್ಟಿಯನ್ನು ಶಿವಕಾಂತಮ್ಮನವರ ಕೈಗೇ ಕೊಟ್ಟ.

ಸೋಮವಾರದಿಂದ ಬರಿ ಕಸಬರಿಗೆಯೋ, ಈ ಕೆಲಸವೂ ಇರುತ್ತದೋ, ಯಾರೂ ಹೇಳಿಲ್ಲ. ಶಿವಕಾಂತಮ್ಮ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಾರೆ.

"ಬರಿಯೋದು ಯಂತ್ರನೇ ಬರೀಲ್ರಿ. ಊರು ಕೇಳೋದಷ್ಟು ನನಗ ಇರ್ಲಿ. ನಾಳಿಗಿ ಅದು ತಪ್ಪಿದ್ರ, ಟೆಂಪೋ ಮಾಡ್ಕೊಂಡು ಬಂದವರ ಮುಂದ ನಿಂತು ತಪ್ಪಾತು ಅನ್ನೋರು ಯಾರರೆ ಬೇಕಲ್ಲ?"