ನನಗೆ ಅಕ್ಷರ ಕಲಿಸಿದ ಶಾಸಕಿ

ಬಿ.ಎ. ಪಾಸಾದ ಮೇಲೆ ಪುನಃ ‘ಎ ಫಾರ್ ಆಪಲ್’ನಿಂದ ಶುರು ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇಲ್ಲ ತಾನೇ? ನಾನಿದ್ದೇನೆ. ಅದೂ ಒಂದಲ್ಲ, ಎರಡು ಸಲ.

ಎರಡನೆಯದು ಮೊನ್ನೆ. ಮೊಮ್ಮಗಳು ಹೊಸ ಫೋನನ್ನು ನನ್ನ ಕೈಯಲ್ಲಿಟ್ಟು, ನನ್ನ ತೋರುಬೆರಳನ್ನು ತಾನೇ ಹಿಡಿದು ಗಾಜಿನ ಮೇಲಿನ ಅಕ್ಷರಕ್ಕೆ ಮುಟ್ಟಿಸಿದಳು. “ಇದು ಎ. ಇದನ್ನು ಮುಟ್ಟಿದ್ರೆ ಕನ್ನಡದ ಅ ಬರ್ತದೆ. ಅಷ್ಟು ಗಟ್ಟಿ ಒತ್ಬೇಡಿ ಅಜ್ಜಿ, ಅದೆಂತ ಕಾಲಿಂಗ್ ಬೆಲ್ಲಾ?” ಹಾಗೆ ಬೆರಳು ಹಿಡಿದು ಅಕ್ಷರ ಮುಟ್ಟಿಸಿದವರು ನನ್ನ ಆಯುಷ್ಯದಲ್ಲಿ ಇನ್ನೊಬ್ಬರಿದ್ದರು. ಅವರ ನೆನಪಾದದ್ದೇ ನನ್ನ ಮುಖ ಬಿಸಿಯಾಯಿತು. ಸೆಖೆಯೆಂದುಕೊಂಡ ಮೊಮ್ಮಗಳು ಎದ್ದು ಫ್ಯಾನ್ ಜೋರು ಮಾಡಿದಳು.

ಎಂಬತ್ತರ ದಶಕ. ಮದುವೆಯಾಗಿ ಮಂಗಳೂರಿನಿಂದ ಸೌದಿಯ ಅಲ್ ಖೋಬರಿಗೆ ಹೋದ ಹೊಸತು. ನಮ್ಮದು ಎರಡನೇ ಮಾಳಿಗೆ. ಕಿಟಕಿಯ ಏಸಿಯ ನೀರು ದಿನವಿಡೀ ಕೆಳಗಿನ ಬಕಾಲೆಯ ತಗಡಿನ ಮೇಲೆ ಟಪಟಪ ಬೀಳುತ್ತಿತ್ತು. ಆ ಬಕಾಲೆ, ಅಂದರೆ ದಿನಸಿ ಅಂಗಡಿ, ನಡೆಸುತ್ತಿದ್ದದ್ದು ಭಟ್ಕಳದವರು. ಮೆಕ್ಕಾದ ಉಮ್ರಾ ಯಾತ್ರೆಗೆಂದು ಬಂದಿದ್ದ ನನ್ನ ಗಂಡನ ಅಕ್ಕ ಕೆಲವು ತಿಂಗಳು ನಮ್ಮ ಜೊತೆಗೇ ಇದ್ದರು. ಆಗಲೇ ಎದುರುಮನೆಗೆ ಒಬ್ಬರು ಅಮೆರಿಕದ ಹೆಂಗಸು ಬಂದರು. ಅವರ ಗಂಡ ಎಂಜಿನಿಯರ್. ಕಂಪನಿಯ ಕಾಂಪೌಂಡಿನಲ್ಲಿ ಮನೆ ಖಾಲಿಯಾಗುವ ತನಕ ಅವರಿಗೆ ನಮ್ಮ ಬಿಲ್ಡಿಂಗ್. ನಾವೆಲ್ಲ ಅವರನ್ನು ಮೇಡಮ್ ಎನ್ನುತ್ತಿದ್ದೆವು.

ಬಂದ ವಾರವೇ ಮೇಡಮ್ ಕಟ್ಟಡದ ಪ್ರತಿಯೊಂದು ಬಾಗಿಲು ತಟ್ಟಿದರು. ಕೈ ಕುಲುಕಿದರು, ಹೆಸರು ಕೇಳಿದರು, ಮಕ್ಕಳ ಕೆನ್ನೆ ಮುಟ್ಟಿದರು. ಪಾಕಿಸ್ತಾನದ ಒಬ್ಬ ಅಜ್ಜನ ಮುಂದೆಯೂ ಕೈ ಚಾಚಿದಾಗ ಆ ಪಾಪದವರು ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಇದೆಂತ ಅಭ್ಯಾಸವೆಂದು ನಮಗೆ ಆಮೇಲೆ ಗೊತ್ತಾಯಿತು. ಅವರು ತಮ್ಮ ರಾಜ್ಯದ ವಿಧಾನಸಭೆಯಲ್ಲಿ ಸದಸ್ಯೆಯಾಗಿದ್ದವರು, ನಮ್ಮ ಎಂ.ಎಲ್.ಎ.ಗಳ ಹಾಗೆ. ಹಿಂದಿನ ಚುನಾವಣೆಯಲ್ಲಿ ಸೋತು ಗಂಡನ ಜೊತೆ ಮರಳುಗಾಡಿಗೆ ಬಂದಿದ್ದರು. ಸೋತರೂ ಅವರ ಕಾಲು, ಕೈ ಪ್ರಚಾರವನ್ನು ಮರೆತಿರಲಿಲ್ಲ.

ನಮ್ಮ ಮನೆಗೆ ಬಂದು ಕುಳಿತು, ನನ್ನನ್ನೇ ನೋಡಿ, “ನಿನಗೆ ಇಂಗ್ಲಿಷ್ ಬರುತ್ತದೆಯೇ?” ಎಂದು ಕೇಳಿದರು. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಕೈ ಅಡ್ಡ ಆಡಿಸಿ “ನೋ, ನೋ” ಎಂದುಬಿಟ್ಟರು. ನಮ್ಮಲ್ಲಿ ಗಂಡನ ಮನೆಯ ಹಿರಿಯರು ಕೂತಿರುವಾಗ ಹೊಸ ಮದುಮಗಳು ಬಂದವರೊಡನೆ ಪಟಪಟ ಮಾತಾಡುವುದಿಲ್ಲ. ನಾನು ತಲೆ ತಗ್ಗಿಸಿ ದುಪಟ್ಟದೊಳಗೆ ನಕ್ಕೆ. ಮೇಡಮ್ ಹೋದ ಮೇಲೆ ಅತ್ತಿಗೆ, “ನಿನ್ನ ಬಿ.ಎ. ಎಲ್ಲ ನಂಗೆ ಗೊತ್ತುಂಟು ಮಾರಾಯ್ತಿ. ಅದನ್ನು ನಿನ್ನ ಅಪ್ಪನ ಮನೆಯಲ್ಲಿ ಬಿಚ್ಚು” ಎಂದರು.

ಮರುದಿನ ಮಧ್ಯಾಹ್ನ ಮೇಡಮ್ ಒಂದು ಸ್ಲೇಟು, ಮಕ್ಕಳ ಚಿತ್ರದ ಪುಸ್ತಕ, ಒಂದು ಸೇಬು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವತ್ತೇ ಹೇಳಬೇಕಿತ್ತು. ಆದರೆ ನನ್ನದೋ, ಚಿಕ್ಕಂದಿನಿಂದಲೂ ತಮಾಷೆ ಕಂಡರೆ ಬಿಡುವ ಜಾತಿಯಲ್ಲ. ಸೇಬು ತೋರಿಸಿದರೆ ‘ಬನಾನಾ’ ಎಂದೆ. ಅವರು ನನ್ನ ಬೆರಳು ಹಿಡಿದು ಪುಸ್ತಕದ ಮೇಲಿಟ್ಟು, ಎಷ್ಟು ತಾಳ್ಮೆಯಿಂದ ಮತ್ತೆ ಹೇಳಿಕೊಟ್ಟರೆಂದರೆ, ಸಂಜೆ ಗಂಡನಿಗೆ ನಟಿಸಿ ತೋರಿಸಿ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಸ್ವಲ್ಪ ದಿನ ಆಡಿ ನಿಜ ಹೇಳಿದರಾಯಿತು ಎಂದುಕೊಂಡಿದ್ದೆ.

ಆ ಸ್ವಲ್ಪ ದಿನದೊಳಗೇ ಒಂದು ಮಧ್ಯಾಹ್ನ ನೀರುದೋಸೆ ತಿನ್ನುತ್ತಿದ್ದ ಮೇಡಮ್ ತಟ್ಟೆ ಕೆಳಗಿಟ್ಟು ಮಾತಾಡತೊಡಗಿದರು. ಪಾಠದ ನಿಧಾನದ ಇಂಗ್ಲಿಷ್ ಅಲ್ಲ, ಅವರ ಊರಿನ ವೇಗದ್ದು. ನನಗೆ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ. ಸೋತ ದಿನ ಸ್ವಂತ ತಮ್ಮನೇ ತನಗೆ ಓಟು ಹಾಕಿರಲಿಲ್ಲವೆಂದು ಗೊತ್ತಾದದ್ದು. ಅಂಗಡಿಗೆ ಹೋದರೆ ಜನ ಬೇಕೆಂದೇ ಇನ್ನೊಂದು ಸಾಲಿಗೆ ಸರಿಯುತ್ತಿದ್ದದ್ದು. “ಇವಳು ಭಾಷಣ ಮಾಡುತ್ತಾಳೆ, ತನ್ನ ಕೈಯಾರೆ ಯಾರನ್ನು ಮೇಲೆತ್ತಿದ್ದಾಳೆ?” ಎಂದು ಎದುರಾಳಿ ಕೇಳಿದಾಗ ಉತ್ತರ ಹೊಳೆಯದೆ ವೇದಿಕೆಯ ಮೇಲೆ ನೀರು ಕುಡಿಯುತ್ತಾ ನಿಂತದ್ದು... ಹೇಳುತ್ತಾ ಅತ್ತರು. ಕೊನೆಗೆ ನನ್ನ ಸ್ಲೇಟನ್ನು ಎತ್ತಿ ನೋಡಿ, “ಇದೊಂದನ್ನಾದರೂ ನಾನು ಮಾಡಿದ್ದೇನೆ” ಎಂದರು.

ಈಗ ಹೇಳಿ, ಅದರ ಮೇಲೆ ನಾನು ಯಾವ ಬಾಯಿಯಿಂದ ಹೇಳುವುದು, ನೀವು ಹೇಳಿದ್ದೆಲ್ಲ ನನಗೆ ಅರ್ಥವಾಯಿತು ಎಂದು? ಪಕ್ಕದ ಮನೆಯ ಗುಟ್ಟನ್ನು ಗೋಡೆಗೆ ಕಿವಿಯಿಟ್ಟು ಕದ್ದ ಹಾಗಾಗಿತ್ತು. ಅವತ್ತಿನಿಂದ ತಮಾಷೆ ಹೋಗಿ ನಟನೆ ಮಾತ್ರ ಉಳಿಯಿತು. ನಾನು ಬೇಗಬೇಗ ‘ಕಲಿಯ’ತೊಡಗಿದೆ. ನಾನು ಒಂದು ಪುಟ ಓದಿದರೆ ಅವರ ಮುಖ ಅರಳುತ್ತಿತ್ತು. ಕೊನೆಕೊನೆಗೆ ಮತ್ತೆ ಚುನಾವಣೆಗೆ ನಿಲ್ಲುವ ಮಾತಾಡಿದರು. ಊರಿಗೆ ಹೊರಟ ದಿನ ನನ್ನ ಕೈಯಲ್ಲಿ ಸ್ಲೇಟು ಹಿಡಿಸಿ ಫೋಟೋ ತೆಗೆದರು. ಸ್ಲೇಟಿನಲ್ಲಿ ‘ಆಪಲ್’ ಎಂದು ನನ್ನದೇ ಅಕ್ಷರ. ಚಂದ ಬರೆಯದಂತೆ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದೆ!

ಮರುವರ್ಷ ಅಂಚೆಯಲ್ಲಿ ಒಂದು ಬಣ್ಣದ ಕರಪತ್ರ ಬಂತು. ಮೇಡಮ್ ಗೆದ್ದಿದ್ದರು. ಪ್ರಚಾರಕ್ಕೆ ಹಂಚಿದ ಆ ಕಾಗದದ ನಡುವೆ ನಾನು, ಸ್ಲೇಟು ಹಿಡಿದು. ಕೆಳಗೆ, ‘ಒಂದಕ್ಷರವೂ ಗೊತ್ತಿಲ್ಲದ ಈ ಬಡ ಹೆಣ್ಣಿಗೆ ಇವರು ಓದು ಕಲಿಸಿದರು’ ಎಂಬ ಅರ್ಥದ ಸಾಲು. ಗಂಡ ನಕ್ಕು, “ನಿನ್ನಿಂದ ಅವ್ರು ಗೆದ್ರಲ್ಲ, ನಿಂಗೆಂತ ನಷ್ಟ?” ಎಂದ. ನನಗೆ ನಗು ಬರಲಿಲ್ಲ. ಖೋಬರಿನಲ್ಲಿ ಬಿಟ್ಟರೆ ಅವನ ಗೆಳೆಯರ ಕಣ್ಣಿಗೆ ಬೀಳುತ್ತದೆ, ನನ್ನ ಮುಖವಿರುವುದನ್ನು ಕಸಕ್ಕೆ ಹಾಕಲು ಮನಸ್ಸಿಲ್ಲ. ರಜೆಗೆ ಊರಿಗೆ ಹೊರಡುವಾಗ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಅಡಿಯಲ್ಲಿ ಸೇರಿಸಿದೆ.

ಗಲ್ಫಿನ ಪೆಟ್ಟಿಗೆ ಬಿಚ್ಚುವುದೆಂದರೆ ನಮ್ಮಲ್ಲಿ ಎಂತದ್ದೆಂದು ಗೊತ್ತಿದ್ದೂ ಆ ಬುದ್ಧಿಗೇಡಿ ಕೆಲಸ ಮಾಡಿದ್ದೆ. ಎರಡೂ ಕಡೆಯ ನೆಂಟರು ಚಾಪೆಯ ಸುತ್ತ ಕೂತಿದ್ದರು. ಸೋಪು, ಅತ್ತರು, ಬಟ್ಟೆ ಒಂದೊಂದಾಗಿ ತೆಗೆದು ಹಂಚುವ ಯಜಮಾನಿಕೆ ಅತ್ತಿಗೆಯದ್ದು. ತಳಕ್ಕೆ ಹೋದ ಅವರ ಕೈ ಕರಪತ್ರವನ್ನು ಎತ್ತಿ ಹಿಡಿಯಿತು.

“ಯಾ ಅಲ್ಲಾ! ಇದು ನಮ್ಮ ಹುಡುಗಿ ಅಲ್ವಾ! ಅಮೆರಿಕದ ಪೇಪರಲ್ಲಿ! ತಲೆ ಹೇಗೆ ಸರಿ ಮುಚ್ಚಿದ್ದಾಳೆ ನೋಡಿ, ಅಲ್ಲಿ ಕೂಡ ನಮ್ಮ ಮರ್ಯಾದೆ ತೆಗಿಲಿಲ್ಲ!”

ಕಾಗದ ಕೈಯಿಂದ ಕೈಗೆ ಹೋಯಿತು. ನನ್ನನ್ನೂ ಗಂಡನನ್ನೂ ಬಿಟ್ಟರೆ ಇಂಗ್ಲಿಷ್ ಓದಬಲ್ಲವರು ಅಲ್ಲಿ ಒಬ್ಬರೇ ಇದ್ದರು, ನನ್ನ ಅಪ್ಪ. ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸುತ್ತಾನೆಂದು ಇದೇ ನೆಂಟರಿಂದ ಮಾತು ಕೇಳಿದವರು. ಒಬ್ಬಳೇ ಹೋಗುತ್ತಾಳೆ ಎಂದು ಯಾರೂ ಹೇಳಬಾರದೆಂದು ದಿನಾ ನನ್ನ ಜೊತೆ ನಡೆದು ಬಂದು, ನಾನು ಒಳಗೆ ಹೋಗುವ ತನಕ ಗೇಟಿನ ಹತ್ತಿರ ನಿಂತು, ಆಮೇಲೆ ತಡವಾಗಿ ಕೆಲಸಕ್ಕೆ ಹೋಗಿ ಬೈಸಿಕೊಳ್ಳುತ್ತಿದ್ದರು.

ಅಪ್ಪ ಕನ್ನಡಕ ಹಾಕಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಚಿತ್ರವನ್ನೇ ನೋಡುತ್ತಾ ಕೂತರು. ನಾನು ಕೈಯಲ್ಲಿದ್ದ ಸೋಪಿನ ಕಾಗದವನ್ನು ಸುಮ್ಮನೆ ಕೆರೆಯುತ್ತಿದ್ದೆ.

“ಎಂತ ಬರ್ದಿದ್ದಾರೆ? ಗಟ್ಟಿ ಓದಿ” ಎಂದರು ಅತ್ತಿಗೆ.

“ನಮ್ಮ ಹುಡುಗಿ ತುಂಬ ಓದಿದವಳು ಅಂತ ಹೊಗಳಿದ್ದಾರೆ” ಎಂದ ಅಪ್ಪ, ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ. ಸುಳ್ಳು ಹೇಳಿದವರನ್ನು ಕಂಡರಾಗದ ಮನುಷ್ಯ, ಅಷ್ಟು ಜನರ ಎದುರು... ಆಮೇಲೆ ಬದುಕಿದ್ದಷ್ಟು ದಿನ ಆ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಮೇಡಮ್‌ಗೆ ನಿಜ ಬರೆಯಲೆಂದು ಎಷ್ಟೋ ಸಲ ಕೂತೆ. ಬರೆದರೆ, ತಾನು ಅತ್ತದ್ದನ್ನು ಇವಳು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳೆಂದು ಅವರಿಗೆ ನಾಚಿಕೆ. ಬರೆಯದಿದ್ದರೆ ನನಗೆ. ಪೆನ್ನು ಮುಚ್ಚಿಡುತ್ತಿದ್ದೆ. ಅವರೋ ಗೆಲ್ಲುತ್ತಲೇ ಹೋದರು. ಶಿಕ್ಷಣದ ಸಮಿತಿಗೆ ಅಧ್ಯಕ್ಷೆಯಾದರು, ಆಮೇಲೆ ಆ ರಾಜ್ಯದ ಮೇಲ್ಮನೆಗೆ ಹೋದರು. ಹೊಸ ವರ್ಷದ ಕಾರ್ಡಿನ ಜೊತೆ ಕರಪತ್ರ ಬರುತ್ತಲೇ ಇತ್ತು. ಅವರು ಒಂದು ಮೆಟ್ಟಿಲು ಏರಿದಂತೆ ನಾನು ಒಂದು ಮೆಟ್ಟಿಲು ಇಳಿಯುತ್ತಿದ್ದೆ. ಮೊದಲು ಓದು ಬಾರದವಳು, ಆಮೇಲೆ ಪೆನ್ನು ಹಿಡಿಯಲು ತಿಳಿಯದವಳು, ಕೊನೆಗೆ ಪುಸ್ತಕವನ್ನೇ ಕಂಡಿರದವಳು! ಇನ್ನೊಂದು ಚುನಾವಣೆಗೆ ನಿಂತಿದ್ದರೆ ನನ್ನನ್ನು ಮರದ ಮೇಲಿಂದ ಇಳಿಸುತ್ತಿದ್ದರೋ ಏನೋ. ಆದರೂ ಪ್ರತಿ ಕಾರ್ಡಿನಲ್ಲಿ ನನ್ನ ನೀರುದೋಸೆಯನ್ನು ಕೇಳದೆ ಬಿಟ್ಟವರಲ್ಲ. ಆಮೇಲೆ ಕಾರ್ಡು ಬರುವುದು ನಿಂತಿತು.

ಟೈಪಿಂಗ್ ಕಲಿತ ಖುಷಿಯಲ್ಲಿ ಮೊನ್ನೆ ನಾನೇ ಒಂದೊಂದೇ ಅಕ್ಷರ ಒತ್ತಿ ಅವರ ಹೆಸರು ಹುಡುಕಿದೆ. ಬಂತು. ತೀರಿಹೋಗಿ ಕೆಲವು ವರ್ಷಗಳಾಗಿವೆ. ಬಿಳಿ ಕೂದಲು, ಅದೇ ಕೈ ಚಾಚುವ ನಗು. ಕೆಳಗೆ ಅವರ ಸಾಧನೆಗಳು, ಅದರ ನಡುವೆ ಅರೇಬಿಯಾದಲ್ಲಿ ಅವರು ಓದು ಕಲಿಸಿದ ನಾನು. ನನ್ನ ಬೆರಳು ಹಿಡಿದ ಆ ಕೈ ಈಗ ಮಣ್ಣಲ್ಲಿದೆ. ನನ್ನ ನಿಜವನ್ನು ಕೇಳಿಸಿಕೊಳ್ಳಬೇಕಾದ ಮೇಡಮ್, ಅಪ್ಪ, ಇಬ್ಬರೂ ಇಲ್ಲ.

ಕೆಳಗೆ ಜನ ತಮ್ಮ ನೆನಪು ಬರೆಯಲು ಜಾಗವಿತ್ತು. ಮೊಮ್ಮಗಳಿಗೆ ಎಲ್ಲ ಕಥೆ ಹೇಳಿ, ಮಧ್ಯಾಹ್ನವಿಡೀ ಕೂತು, ನಾನು ಆಗಲೇ ಬಿ.ಎ. ಓದಿದವಳೆಂದು ಬರೆದೆ. ಕಳಿಸುವ ಹೊತ್ತಿಗೆ ಕೈ ಬರಲಿಲ್ಲ. ಎಲ್ಲ ಅಳಿಸಿದೆ.

“ಯಾಕೆ ಅಳಿಸಿದ್ರಿ?” ಎಂದಳು ಮೊಮ್ಮಗಳು.

“ಹೋಗ್ಲಿ ಬಿಡು. ಸತ್ತ ಮೇಲೆ ಪಾಪ, ಅವರಿಗೆ ಯಾಕೆ ಅವಮಾನ ಮಾಡುದು?”

ಅವಳು ಫೋನನ್ನು ನನ್ನ ಕೈಗೇ ತಿರುಗಿ ತುರುಕಿ ಅಂದಳು: “ಆಯ್ತು, ಮೇಡಮ್‌ಗೆ ಅವಮಾನ ಆಗ್ಬಾರ್ದು. ದಿನಾ ಕಾಲೇಜಿನ ಗೇಟಿನ ಹತ್ರ ನಿಂತು ಕೆಲಸಕ್ಕೆ ಲೇಟಾಗಿ ಬೈಸಿಕೊಂಡ ನಿಮ್ಮ ಅಪ್ಪನಿಗೆ ಮಾತ್ರ ಆಗ್ಬಹುದಾ?”